ಹಲ್ಲುನೋವಿನ ಚಿತ್ರ

ಓಣಿಯ ಜನರೆಲ್ಲ ಅವಳನ್ನು ಟೈಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಾದವರೂ ಅಕ್ಕ ಅನ್ನುತ್ತಿದ್ದರು. ಅವಳ ನಾಲಿಗೆಗೆ ಎಲ್ಲರಿಗೂ ಒಂದಿಷ್ಟು ಅಂಜಿಕೆಯಿತ್ತು. ಬಸ್ ನಿಲ್ದಾಣದ ಹಿಂದೆ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಗಂಡ ತೀರಿಕೊಂಡ ಮೇಲೆ ಆ ಕೋಣೆಯಲ್ಲೇ ದುಡಿದು ಮಗಳನ್ನು ಬೆಳೆಸಿದ್ದಳು, ತಮ್ಮನನ್ನು ಓದಿಸಿದ್ದಳು.

ತಮ್ಮನಿಗೆ ಕೆಲಸ ಸಿಕ್ಕಿದ್ದು ಒಂದು ದೊಡ್ಡ ದತ್ತಿ ಪ್ರತಿಷ್ಠಾನದಲ್ಲಿ. ಜನ ಯಾಕೆ ಬಡವರಾಗಿಯೇ ಉಳಿಯುತ್ತಾರೆ, ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ, ಗಂಡಸರು ಯಾಕೆ ಕುಡಿತಕ್ಕೆ ಬೀಳುತ್ತಾರೆ ಎಂದು ಸಂಶೋಧನೆ ಮಾಡುವುದು ಅವರ ಕೆಲಸ. ಟೈಲರ್ ಅಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಪ್ಯಾಂಟಿನ ಕಾಲು ಮಡಿಸಿಕೊಳ್ಳಲು ಬಂದವರಿಗೂ ಅದೇ ಕತೆ. "ನನ್ನ ತಮ್ಮ ಬಡತನದ ಬೇರು ಹುಡುಕ್ತಾ ಇದ್ದಾನೆ" ಎನ್ನುತ್ತಿದ್ದಳು. ಪಕ್ಕದಲ್ಲೇ ಬಟ್ಟೆ ಇಸ್ತ್ರಿ ಮಾಡುವ ಅಜ್ಜಿ, "ಸಿಕ್ಕಿದ್ರೆ ನಮಗೂ ಒಂದ್ಸಲ ತೋರಿಸೋಕೆ ಹೇಳು" ಎಂದು ನಗುತ್ತಿದ್ದಳು.

ಪ್ರತಿಷ್ಠಾನದವರು ಅಧ್ಯಯನಕ್ಕೆ ಇದೇ ಓಣಿಯನ್ನು ಆರಿಸಿಕೊಂಡಾಗ, ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು ತಮ್ಮನೇ ಓಡಾಡಿದ. ಅಂಗಡಿಗೂ ಬಂದ. ಅವತ್ತು ಅವಳಿಗೆ ದವಡೆಹಲ್ಲು ಜೀವ ಹಿಂಡುತ್ತಿತ್ತು. ಕೆನ್ನೆಗೆ ಕೈಕೊಟ್ಟು ಕೂತಿದ್ದಳು.

"ಏನೋ ಅದು, ನನ್ನ ಕಡೆ ತಿರುಗಿಸಿದ್ದೀಯಾ?"

"ಬೆಳಕು ಸರಿಯಿದೆಯಾ ಅಂತ ನೋಡ್ತಾ ಇದ್ದೀನಿ, ಅಷ್ಟೇ" ಎಂದಿದ್ದ.

ಮರುದಿನ ಹಲ್ಲು ಕೀಳಿಸಿಕೊಂಡು ಬಂದಳು. ನೋವಿನ ಜೊತೆ ಆ ಮಾತೂ ಮರೆತುಹೋಯಿತು.

ಕೆಲವು ತಿಂಗಳು ಕಳೆದಿರಬೇಕು. ಶಾಲೆಯೊಂದಕ್ಕೆ ಸಮವಸ್ತ್ರದ ಮಾದರಿ ತೋರಿಸಲು ಬಸ್ಸಿನಲ್ಲಿ ಹೊರಟಿದ್ದಳು. ದೊಡ್ಡ ವೃತ್ತದ ಬಳಿ ಬಸ್ಸು ನಿಂತಾಗ ಕಿಟಕಿಯಾಚೆ ಆಳೆತ್ತರಕ್ಕೂ ಮೀರಿದ ಜಾಹೀರಾತು ಫಲಕ. ಅದರ ತುಂಬ ಒಬ್ಬ ಹೆಂಗಸಿನ ಮುಖ. ಕೆನ್ನೆಯ ಮೇಲೆ ಕೈ, ಒದ್ದೆ ಕಣ್ಣು, ಜೋತುಬಿದ್ದ ತುಟಿ. ಪಾಪ, ಯಾರ ಮನೆಯ ಹೆಂಗಸೋ, ಏನು ಕಷ್ಟ ಬಂತೋ ಎಂದುಕೊಂಡಳು. ಆಮೇಲೆ ಆ ಹೆಂಗಸಿನ ಕೊರಳಲ್ಲಿದ್ದ ಅಳತೆಪಟ್ಟಿ ಕಂಡಿತು. ಮುಖದ ಕೆಳಗೆ ದಪ್ಪ ಅಕ್ಷರ: "ಸೋತ ಮನಸ್ಸೇ ಬಡತನದ ಮೊದಲ ಕಾರಣ." ಅದರ ಕೆಳಗೆ ಪ್ರತಿಷ್ಠಾನದ ಹೆಸರು.

ಬಸ್ಸು ಮುಂದೆ ಹೋಯಿತು. ಪಕ್ಕದಲ್ಲಿದ್ದ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಎಳೆದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಎಂದಿಲ್ಲದ ಮೃದುತ್ವದಿಂದ ಕುರ್ಚಿ ಕೊಟ್ಟರು, ನೀರು ತರಿಸಿದರು. "ಈ ವರ್ಷ ಬೇರೆಯವರಿಗೆ ಕೊಟ್ಟುಬಿಟ್ವಮ್ಮ" ಎಂದರು. "ನಿಮ್ಮ ಪರಿಸ್ಥಿತಿ ನೋಡಿದೆ. ಇಂಥ ಸಮಯದಲ್ಲಿ ನಿಮ್ಮ ಮೇಲೆ ಅಷ್ಟೊಂದು ಕೆಲಸ ಹೇರೋದು ಸರಿಯಲ್ಲ ಅನ್ನಿಸ್ತು."

"ನನಗೇನಾಗಿದೆ ಮೇಡಂ? ಹೋದ ವರ್ಷ ಒಂದು ಗುಂಡಿ ಆದ್ರೂ ಕಿತ್ತು ಬಂದಿತ್ತಾ?"

"ಹಾಗಲ್ಲಮ್ಮ. ಮೊದಲು ನೀವು ಸುಧಾರಿಸ್ಕೊಳ್ಳಿ."

ಸಂಜೆ ತಮ್ಮ ಬಂದಾಗ ಅವಳು ಕತ್ತರಿ ಕೆಳಗಿಟ್ಟು ಮಾತಾಡಿದಳು. ಕತ್ತರಿ ಕೈಯಲ್ಲಿರುವುದು ಬೇಡ ಅನ್ನಿಸಿತ್ತು.

"ನನ್ನ ಮೋರೆ ಬೀದಿಗೆ ಹಾಕಿದ್ದು ಯಾರು?"

ತಮ್ಮ ತಲೆ ತಗ್ಗಿಸಿದ. "ನಾನು ಎಲ್ಲಾ ಚಿತ್ರಗಳ್ನೂ ಒಪ್ಪಿಸಿದೆ ಅಕ್ಕಾ. ಆರಿಸೋದು ಮೇಲಿನವರು. ಅದು ಪ್ರಾತಿನಿಧಿಕ ಚಿತ್ರ ಅಂತಾರೆ."

"ಅಂದ್ರೆ?"

"ಎಲ್ಲಾರ ಪರವಾಗಿ ಒಬ್ಬರದ್ದು."

"ಓಹೋ. ಎಲ್ಲಾರ ಪರವಾಗಿ ನಾನು ಸೋತಿದ್ದೀನಾ? ಯಾರು ನೇಮಿಸಿದ್ರು ನನ್ನ?"

ಅವಳು ಅವನಿಗೆ ಊಟ ಬಡಿಸಿದಳು, ಆದರೆ ಎದುರು ಕೂರಲಿಲ್ಲ.

ಮರುದಿನ ಪ್ರತಿಷ್ಠಾನದ ಕಚೇರಿಗೆ ಹೋದಳು. ಗಾಜಿನ ಬಾಗಿಲು, ಮೆತ್ತನೆಯ ಸೋಫಾ. ಒಳಗೆ ಎಲ್ಲರೂ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಯಾರೋ ಕಾಯಿಲೆ ಬಿದ್ದ ಮನೆಯ ಹಾಗೆ. ನಿರ್ದೇಶಕಿ ಕೈ ಹಿಡಿದು ಮಾತಾಡಿಸಿದರು. "ನಿಮ್ಮ ನೋವು ನಮಗೆ ಅರ್ಥವಾಗುತ್ತೆ" ಎಂದರು.

"ಅದು ಹಲ್ಲುನೋವು" ಎಂದಳು ಅವಳು. "ಹಲ್ಲು ಕಿತ್ತಾಯ್ತು. ಈಗಿರೋದು ನೀವು ಕೊಟ್ಟ ನೋವು."

ನಿರ್ದೇಶಕಿ ಕ್ಷಮೆ ಕೇಳಿದರು. ವಾರದೊಳಗೆ ಆ ಮುಖ ವೃತ್ತದಿಂದ ಕಾಣೆಯಾಯಿತು. ಮಾತಿಗೆ ಬೆಲೆ ಕೊಟ್ಟರಲ್ಲ ಎಂದು ಅವಳ ಮನಸ್ಸು ಕೊಂಚ ಹಗುರಾಯಿತು, ತಮ್ಮನ ಜೊತೆ ಎರಡು ಮಾತೂ ಆಡಿದಳು.

ಆದರೆ ಫಲಕ ಖಾಲಿ ಉಳಿಯಲಿಲ್ಲ. ಅಲ್ಲಿ ಹೊಸ ಮುಖ ಬಂತು. ಇಸ್ತ್ರಿ ಅಜ್ಜಿ ಮೇಜಿಗೆ ಒರಗಿ, ಬಾಯಿ ಅರ್ಧ ತೆರೆದು ನಿದ್ದೆಹೋಗಿದ್ದಳು. ಕೆಳಗೆ: "ದುಡಿಮೆಯಲ್ಲಿ ಆಸಕ್ತಿ ಕುಂದಿದಾಗ..."

ಟೈಲರ್ ಅಕ್ಕ ಆ ವಾಕ್ಯದ ಮುಂದಿನ ಚುಕ್ಕಿಗಳನ್ನು ನೋಡುತ್ತ ರಸ್ತೆಯಲ್ಲೇ ನಿಂತಳು. ಬೆಳಕು ಹರಿಯುವ ಮೊದಲೇ ಇದ್ದಿಲು ಹೊತ್ತಿಸುವ ಮುದುಕಿ ಅದು. ಹೋಟೆಲಿನ ಹಾಸಿಗೆಬಟ್ಟೆಗಳನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ, ನಿಂತು ನಿಂತು ಬಾತುಹೋದ ಕಾಲು ಚಾಚಿ ಒಂದು ಗಳಿಗೆ ಕಣ್ಣುಮುಚ್ಚುತ್ತಿದ್ದಳು. ತನ್ನ ಮುಖ ತೆಗೆಸುವಾಗ ತನ್ನದೊಂದನ್ನೇ ಕೇಳಿಕೊಂಡು ಬಂದೆನಲ್ಲ ಎಂದು ಟೈಲರ್ ಅಕ್ಕ ತನ್ನನ್ನೇ ಬೈದುಕೊಂಡಳು.

ಅಜ್ಜಿಗೆ ದೃಷ್ಟಿ ಮಂದ, ಓದಲೂ ಬಾರದು. ಯಾರೋ ಆಗಲೇ ಸುದ್ದಿ ಮುಟ್ಟಿಸಿದ್ದರು.

"ನನ್ನ ಫೋಟೋ ದೊಡ್ಡದಾಗಿ ಹಾಕಿದ್ದಾರಂತೆ. ಕೆಳಗೆ ಏನು ಬರೆದಿದ್ದಾರೆ ಮಗಳೇ?"

ಸುಳ್ಳು ಹೇಳಬಹುದಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಕೆಂಡಕ್ಕೆ ನೀರು ಚಿಮುಕಿಸಿದಳು. "ನಡಿ, ಹೋಗೋಣ" ಎಂದಳು. ಹೊತ್ತು ಮುಳುಗುವ ಮೊದಲು ಅವಳು ಕೆಂಡ ಆರಿಸಿದ್ದನ್ನು ಓಣಿಯವರು ಯಾವತ್ತೂ ಕಂಡಿರಲಿಲ್ಲ. ಮೊದಲು ತರಕಾರಿ ಮಾರುವವಳು ಹಿಂದೆ ಹೊರಟಳು. ಆಮೇಲೆ ಮಹಡಿ ಮನೆಯ ಸೊಸೆ, ಅವಳ ಹಿಂದೆ ಅತ್ತೆ. ಪ್ರತಿಷ್ಠಾನದ ಮೆತ್ತನೆಯ ಸೋಫಾದ ತುಂಬ ಓಣಿಯ ಹೆಂಗಸರೇ ಕೂತರು.

ನಿರ್ದೇಶಕಿ ಅದೇ ದನಿಯಲ್ಲಿ, "ನಾವು ಇರೋದೇ ನಿಮ್ಮ ಪರವಾಗಿ" ಎಂದರು.

"ಹಾಗಾದ್ರೆ ಒಂದು ಮಾತು ಹೇಳವ್ವ" ಎಂದಳು ಅಜ್ಜಿ. "ನಾನು ಯಾಕೆ ಮಲಗಿದ್ದೆ ಅಂತ ನಿಮ್ಮವರು ಒಬ್ಬರಾದ್ರೂ ಕೇಳಿದ್ರಾ?"

ಮೂಲೆಯಲ್ಲಿ ನಿಂತಿದ್ದ ತಮ್ಮ ಮುಂದೆ ಬಂದ.

"ಕೇಳ್ಲಿಲ್ಲ ಅಜ್ಜಿ" ಎಂದ. ನಿರ್ದೇಶಕಿಯ ಕಡೆ ತಿರುಗಿದ. "ಮೇಡಂ, ಆ ಸೋತ ಮನಸ್ಸಿನ ಮಾತು ನಾವು ಓಣಿಗೆ ಹೋಗೋ ಮೊದಲೇ ಬರೆದಾಗಿತ್ತು. ಅದಕ್ಕೆ ಹೊಂದೋ ಮುಖ ತನ್ನಿ ಅಂತ ನಮ್ಮನ್ನ ಕಳಿಸಿದ್ರಿ. ಕೂಲಿ ಕಮ್ಮಿ ಅಂತ ಬರೆದ್ರೆ ನಮಗೆ ಹಣ ಕೊಡೋ ಕಾರ್ಖಾನೆಯವರು ಒಪ್ಪಲ್ಲ, ಅವರಿಗೆ ಇಷ್ಟವಾಗೋ ಕಾರಣ ಅದೊಂದೇ ಅಲ್ವಾ?"

"ಇದು ಇಲ್ಲಿ ಆಡೋ ಮಾತಲ್ಲ" ಎಂದರು ನಿರ್ದೇಶಕಿ. ಅವರ ಮೃದುತ್ವ ಅಷ್ಟು ಹೊತ್ತಿಗೆ ತೀರಿತ್ತು.

"ಇಲ್ಲೇ ಆಡ್ಬೇಕು" ಎಂದಳು ಟೈಲರ್ ಅಕ್ಕ. "ನಮ್ಮ ಬಗ್ಗೆ ನೀವು ಊರಿನ ನಡುವೆ ಆಡಿದ್ರಿ. ನಾವು ನಿಮ್ಮ ಮನೆಯೊಳಗಾದ್ರೂ ಆಡಬಾರ್ದಾ? ಆ ಫಲಕ ಇಳಿಯೋ ತನಕ ನಾವು ಏಳಲ್ಲ."

ಅವರು ಏಳಲಿಲ್ಲ. ಕಚೇರಿಗೆ ಬಂದವರಿಗೆ ಕೂರಲು ಜಾಗವಿಲ್ಲದಾಯಿತು. ಮಹಡಿ ಮನೆಯ ಅತ್ತೆ ಸೋಫಾದ ಮೇಲೇ ಕಾಲು ಚಾಚಿ ಮಲಗಿ, "ಬೇಕಾದ್ರೆ ಇದರ ಫೋಟೋನೂ ತಗೊಳ್ಳಿ" ಎಂದಳು. ಸಂಜೆಯೊಳಗೆ ಫಲಕ ಇಳಿಯಿತು.

ಇಳಿದದ್ದು ಫಲಕ ಮಾತ್ರ. ಓಣಿಯ ಅಧ್ಯಯನದ ವರದಿ ಹೊರಬಂತು, ಸೋತ ಮನಸ್ಸಿನ ಅದೇ ವಾಕ್ಯದೊಂದಿಗೆ. ಮುಖಪುಟದಲ್ಲಿ ಮುಖವಿಲ್ಲದ, ಬೆನ್ನು ಬಾಗಿದ ಹೆಂಗಸಿನ ರೇಖಾಚಿತ್ರವಿತ್ತು. ಚಿತ್ರದ ಆ ಹೆಂಗಸು ಬಂದು ಜಗಳ ಮಾಡುವಂತಿರಲಿಲ್ಲ. ಪತ್ರಿಕೆಗಳು ಹೊಗಳಿದವು. ಶಾಲೆಯ ಕೆಲಸ ಟೈಲರ್ ಅಕ್ಕನಿಗೆ ಮರಳಿ ಬರಲಿಲ್ಲ. ತಮ್ಮನನ್ನು ಕೆಲಸದಿಂದ ಬಿಡಿಸಿದರು.

ಅವನು ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗ ಅವಳು ಯಂತ್ರ ನಿಲ್ಲಿಸಲಿಲ್ಲ.

"ನನ್ನ ಮೇಲೆ ಇನ್ನೂ ಕೋಪಾನಾ ಅಕ್ಕಾ?"

"ಇದೆ" ಎಂದಳು. "ಆ ದಿನ ಎದ್ದು ಮಾತಾಡಿದೆ, ಒಳ್ಳೇದು. ಆದ್ರೆ ನನ್ನ ಮುಖ ಬೀದಿಗೆ ಹೋದಾಗ ಸುಮ್ಮನಿದ್ದೆ. ಅಜ್ಜಿದು ಹೋದಾಗ್ಲೂ, ಅವಳೇ ಬಂದು ಎದುರಿಗೆ ಕೂರೋ ತನಕ ಸುಮ್ಮನಿದ್ದೆ. ಅದು ಅಷ್ಟು ಬೇಗ ಹೋಗಲ್ಲ."

ಅವನು ತಲೆಯಾಡಿಸಿದ. ಹೊರಡಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವಳು ಅಂಗಿಗಳ ರಾಶಿಯನ್ನು ಅವನ ಕಡೆ ಸರಿಸಿದಳು. ಅವನು ಸೂಜಿಗೆ ದಾರ ಪೋಣಿಸಲು ಕೂತ. ಎಷ್ಟು ಪ್ರಯತ್ನಪಟ್ಟರೂ ದಾರ ಒಳಗೆ ಹೋಗುತ್ತಿರಲಿಲ್ಲ. ಅವಳು ನೋಡಿದರೂ ಕಿತ್ತುಕೊಂಡು ತಾನೇ ಪೋಣಿಸಿಕೊಡಲಿಲ್ಲ.