ಕಲ್ಲುದಿಬ್ಬದ ಹಾಲು

ಟ್ರಾನ್ಸಿಲ್ವೇನಿಯಾದ ನಮ್ಮ ಬೆಟ್ಟದೂರಲ್ಲಿ ಊರೆಲ್ಲರ ಕುರಿ ಸೇರಿದ ಮಂದೆ ಮೇಲಿನ ಹುಲ್ಲುಗಾವಲಿಗೆ ಹೊರಡುವ ಮುನ್ನ ಹಾಲಳತೆ ನಡೆಯುತ್ತದೆ. ಮನೆಗೆ ಹತ್ತು ಕುರಿ, ಹಾಲು ಕರೆಯುವವರು ಅವುಗಳ ಒಡೆಯರೇ. ಆ ಹಾಲಿಗೆ ಮುಖ್ಯ ಕುರುಬ ಗೀಟು ಕೊರೆದ ಕೋಲು ಅದ್ದುತ್ತಾನೆ. ಹಾಲು ಮುಟ್ಟಿದ ಗೀಟಿನ ಲೆಕ್ಕದಲ್ಲೇ ಬೇಸಿಗೆಯಿಡೀ ನಮ್ಮ ಪಾಲಿನ ಚೀಸು ಸಿಗುವುದು.

ಹೋದ ವರ್ಷ ನಮ್ಮ ಹಾಲು ಮೊದಲ ಗೀಟನ್ನೂ ಮುಟ್ಟಲಿಲ್ಲ. ಈ ಸಲವೂ ಹಾಗಾದರೆ ನಿನ್ನ ಕುರಿ ಮಂದೆಗೆ ಬೇಡ ಎಂದು ಮುಖ್ಯ ಕುರುಬ ಒನಿಸಿಮ್ ಹೇಳಿಬಿಟ್ಟಿದ್ದ. ಅಂದರೆ ಕುರಿ ಮಾರಬೇಕು, ಫಿಲಿಮೋನನ ಹಟ್ಟಿಯಲ್ಲಿ ಹಿಕ್ಕೆ ಗುಡಿಸಬೇಕು. ಹೊಳೆದಂಡೆಯ ಕಪ್ಪು ಮಣ್ಣೆಲ್ಲ ಅವನದು, ಅಲ್ಲಿ ಕುದುರೆಮೆಂತೆ ಮೇವು ಮೊಣಕಾಲೆತ್ತರ. ನಮ್ಮಪ್ಪ ಬಿಟ್ಟುಹೋದದ್ದು ಬರೀ ಕಲ್ಲುದಿಬ್ಬ.

ಹೋದ ವರ್ಷದ ಅಳತೆ ಮುಗಿದ ಕೂಡಲೇ ಆ ದಿಬ್ಬಕ್ಕೆ ನಾನು ಸ್ಪರ್ಚೇಟಾ ಬಿತ್ತಿದ್ದೆ. ಸುಣ್ಣಕಲ್ಲಿನ ಸಂದಿಗೂ ಬೇರಿಳಿಸಿ, ಗುಲಾಬಿ ಬಣ್ಣದ ಹೂತೆನೆ ಬಿಡುವ ಮೇವು ಅದು. ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಫಿಲಿಮೋನ ಕೇಳಿದ:

“ಏನೋ ತೋದೆರ್, ಕುರಿ ಸಾಕ್ತೀಯೋ, ಹುಡುಗೀರಿಗೆ ಹೂ ಮಾರ್ತೀಯೋ?”

ಎಲ್ಲ ನಕ್ಕರು. ತಂಗಿ ಸವೇಟಾ ತೋಳು ಹಿಡಿದೆಳೆಯದಿದ್ದರೆ ಅವನ ಹಲ್ಲು ಅಲ್ಲೇ ಉದುರುತ್ತಿತ್ತು.

ಅಳತೆಯ ದಿನ ಬೆಳಿಗ್ಗೆ ಅವರವರ ಹೊಲದಲ್ಲಿ ಕೊನೆಯ ಮೇವು. ಹೊಟ್ಟೆ ಬಿರಿದಷ್ಟೂ ಹಾಲು ಎಂಬ ದುರಾಸೆಯಲ್ಲಿ ಫಿಲಿಮೋನ ಹಸಿದ ಕುರಿಗಳನ್ನು ಇಬ್ಬನಿ ತೊಟ್ಟಿಕ್ಕುವ ಕುದುರೆಮೆಂತೆಗೆ ನುಗ್ಗಿಸಿದ. ನಾನೂ ನಮ್ಮ ಕುರಿಗಳನ್ನು ದಿಬ್ಬಕ್ಕೆ ಹೊಡೆದೆ. ಸವೇಟಾ ಅಡ್ಡ ನಿಂತಳು.

“ಇಬ್ಬನಿ ಆರ್ಲಿ ಅಣ್ಣ. ಹೊಟ್ಟೆ ಉಬ್ಬರಿಸಿ ಸತ್ರೆ?”

“ಈ ಮೇವಿಗೆ ಉಬ್ಬರ ಬರಲ್ಲ ಕಣೇ. ಮಳೇಲೇ ಮೇಯಿಸಿ ನೋಡಿದೀನಿ.”

ಮಧ್ಯಾಹ್ನ ಫಿಲಿಮೋನನ ಕುರಿಗಳು ಅಳತೆಗೆ ತೂರಾಡುತ್ತ ಬಂದವು. ಎಡಪಕ್ಕೆ ತಮಟೆಯಂತೆ ಬಿಗಿದಿತ್ತು, ಎರಡು ಕುರಿ ಕಾಲು ಚಾಚಿ ಬಿದ್ದವು. ಒನಿಸಿಮ್ ಚೂರಿಯಿಂದ ಪಕ್ಕೆ ತಿವಿದು ಒಳಗಿನ ಗಾಳಿ ಹೊರಬಿಟ್ಟ. ಜೀವ ಉಳಿಯಿತು, ಹಾಲು ಉಳಿಯಲಿಲ್ಲ. ನಾಳೆ ಅಳೆಯೋಣ ಎಂದು ಫಿಲಿಮೋನ ಕೂಗಾಡಿದ. ಅಳತೆ ಇವತ್ತೇ, ಯಾರಿಗಾದರೂ ಅಷ್ಟೇ ಎಂದ ಒನಿಸಿಮ್. ಫಿಲಿಮೋನ ಹಿಂಡಿ ಹಿಂಡಿ ಬಕೆಟ್ಟಿನ ತಳ ಒದ್ದೆ ಮಾಡಿದ.

ಆಮೇಲೆ ನಾನು ಕೂತೆ. ಕೆಚ್ಚಲು ಮುಟ್ಟುವುದೇ ತಡ, ಹಾಲು ಬಕೆಟ್ಟಿಗೆ ಬಡಿಯತೊಡಗಿತು. ನೊರೆ ಇಳಿಯಲೆಂದು ಒನಿಸಿಮ್ ಕಾದ. ಕೋಲು ಅದ್ದಿ ಎತ್ತಿದ, ಇನ್ನೊಮ್ಮೆ ಅದ್ದಿದ. ಎಲ್ಲಕ್ಕಿಂತ ಮೇಲಿನ ಗೀಟೂ ಮುಳುಗಿತ್ತು. ಅವನು ಚೂರಿ ಒರೆಸಿಕೊಂಡು, ಆ ಗೀಟಿನ ಮೇಲೆ ಇನ್ನೊಂದು ಹೊಸದನ್ನು ಕೊರೆದ.

“ನಮ್ಮಜ್ಜನ ಕೋಲಿದು,” ಎಂದ. “ಇಲ್ಲೀಗಂಟ ಯಾರ ಹಾಲೂ ಬಂದಿರ್ಲಿಲ್ಲ.”

ಈ ಸಲ ಯಾರೂ ನಗಲಿಲ್ಲ.

ಮರುದಿನ ಮಂದೆ ಬೆಟ್ಟ ಹತ್ತುವಾಗ, ಹೆಚ್ಚು ಹಾಲು ಕೊಟ್ಟ ಮನೆಗೆ ಸಲ್ಲುವ ದೊಡ್ಡ ಗಂಟೆ ನಮ್ಮ ಕುರಿಯ ಕೊರಳಲ್ಲಿತ್ತು. ಊರ ಹಿಂಬದಿಯ ದಾರಿ ಬಿಟ್ಟು ನಡುಬೀದಿಯಲ್ಲೇ ಹೊಡೆದುಕೊಂಡು ಹೋದೆ. ಫಿಲಿಮೋನನ ಬಾಗಿಲ ಮುಂದೆ ಬೇಕೆಂದೇ ನಿಧಾನ ಮಾಡಿದೆ.