ಎಡಗಡೆ ಸೀಟಿನ ಕೆಂಪು ಗಂಟು

ದೀಪದ ಕಂಬವೊಂದು ಬಾನೆಟ್ಟಿನ ಮೇಲೆ ತಲೆಕೆಳಗಾಗಿ ಜಾರಿ ಬಂದು ಗಾಜಿನ ಹತ್ತಿರ ಮಾಯವಾಗುತ್ತದೆ, ಹಿಂದೆಯೇ ಇನ್ನೊಂದು, ಆಮೇಲೆ ಒಂದು ತುಂಡು ಮೋಡ — ಇಪ್ಪತ್ತೆರಡು ವರ್ಷದ ಬಣ್ಣವಪ್ಪಾ ಇದು, ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದು, ನಿಧಾನ, ಮುಂದೆ ಶಾಲೆಯ ತಿರುವು, ಗೇರು ಹೇಳಿದ ಮಾತು ಕೇಳುತ್ತದೆ, ಇದು ನನ್ನದು, ನನ್ನದೇ, ಭಗವಂತಾ, ನೀನು ಕೊಡುವ ಹೊತ್ತು ನಿನಗೇ ಗೊತ್ತು, ಮೂವತ್ತು ವರ್ಷ ಕಾರಿನ ಸೀಟು ಹೊಲಿದ ಕೈ, ಎಷ್ಟೋ ಕಾರಿನೊಳಗೆ ಊರಿದ ಮಂಡಿ, ಒಂದರಲ್ಲೂ ಒರಗದ ಬೆನ್ನು, ಗಿರಾಕಿಯ ಗಾಡಿ ಗುಡಿ ಇದ್ದ ಹಾಗೆ ಕಣೋ, ಕೆಲಸ ಮುಗೀತೋ, ಇಳಿ, ಎಂದು ಮೇಸ್ತ್ರಿ ಕಲಿಸಿದ್ದರು, ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು. ಔಷಧಿ ಅಂಗಡಿಯ ಯಜಮಾನರು ಕಣ್ಣು ಮಂಜಾಯಿತೆಂದು ಇದನ್ನು ಮಾರಲು ಹೊರಟರು, ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಹೊದಿಕೆ ಸರಿಸಿದರೆ ತೊಟ್ಟಿಲಿನಿಂದ ಎದ್ದ ಮಗುವಿನ ಹಾಗೆ ಇತ್ತು, ಆಯಿಲ್ ಬದಲಿಸಿದ ತಾರೀಕು ಒಂದೂ ಬಿಡದೆ ಬರೆದಿಟ್ಟ ಪುಸ್ತಕ ಬೇರೆ, ಬಂದೋರೆಲ್ಲ ಬಾನೆಟ್ ಎತ್ತಿ ನೋಡಿದ್ರು, ನೀವೇನ್ರೀ ಸೀಟಿನ ಕೆಳಗೆ ಕೈ ಹಾಕಿದ್ದೀರಿ, ಏನು ಕಳ್ಕೊಂಡ್ರಿ, ಎಂದರು, ಕಳ್ಕೊಂಡಿದ್ದು ಸಿಕ್ತು ಯಜಮಾನ್ರೇ, ಎಂದೆ, ಬೆರಳ ತುದಿಗೆ ತಾಗಿತ್ತು — ಕಡಲೆಕಾಳಿನಷ್ಟು, ಒರಟು, ಬಗ್ಗಿ ನೋಡಿದರೆ ಕಂದು ಸೀಟಿನ ಅಡಿಯಲ್ಲಿ ಕೆಂಪು ಗಂಟು, ಅದೇ ಕಾರು, ಇದನ್ನು ಹೊಲಿದವನು ನಾನೇ ಎಂದಾಗ ಅವರು ಸೀಟನ್ನು ಕರುವಿನ ಬೆನ್ನಿನಂತೆ ಸವರಿ, ಒಂದು ಹೊಲಿಗೆ ಬಿಟ್ಟಿಲ್ಲ ಕಣ್ರೀ, ಬ್ರೋಕರ್ ಒಬ್ಬ ದುಪ್ಪಟ್ಟು ಕೊಡ್ತೀನಿ ಅಂದ, ಮೊದಲು ಈ ಹಳೇ ಸೀಟು ಕಿತ್ತು ಬಿಸಾಕ್ಬೇಕು ಅಂತಲೂ ಅಂದ, ಅವನಿಗೆ ಕೊಡಲ್ಲ, ನೀವು ಅದರ ಅರ್ಧ ಕೊಡಿ ಸಾಕು — ಅರ್ಧ, ನನಗೇ ನಾಚಿಕೆ, ಇನ್ನೂ ಸ್ವಲ್ಪ ಸೇರಿಸ್ತೀನಿ ಎಂದೆ, ಕೊಳ್ಳುವವನೇ ಬೆಲೆ ಏರಿಸಿದ್ದುಂಟೇ ಎಲ್ಲಾದರೂ, ಸುಮ್ನೆ ಕೀಲಿ ಹಿಡ್ಕೊಳ್ರೀ, ಚೌಕಾಸಿ ಮಾಡೋಕ್ಕೂ ಬರಲ್ವಾ ನಿಮಗೆ, ಎಂದು ಗದರಿದರು.

ಎಡಗಡೆ ಸೀಟು ಖಾಲಿ, ಬಿಸಿಲು ಮಾತ್ರ ಕೂತಿದೆ, ಇದನ್ನು ಹೊಲಿದ ದಿನ ಅಲ್ಲಿ ನನ್ನವಳು ಕೂತಿದ್ದಳು, ಮದುವೆಯಾಗಿ ಆರು ತಿಂಗಳು, ನನಗೆ ಊಟ ತಂದವಳು ಒಂದು ಗಳಿಗೆ ಕೂತು ನೋಡ್ಲಾ ಎಂದು ಕೂತೇಬಿಟ್ಟು, ಒರಗಿ, ಕಣ್ಣು ಮುಚ್ಚಿ, ನಾನು — ಏಳೇ, ತಲೆ ಎಣ್ಣೆ ಮೆತ್ತುತ್ತೆ, ನಿಮ್ಮಪ್ಪನ ಕಾರಾ ಇದು — ಅಂದುಬಿಟ್ಟೆ, ಅಂಗಡಿಯವರೆಲ್ಲ ನಕ್ಕರು, ನಾನೂ ನಕ್ಕೆ, ಪಾಪಿ, ಅವಳು ಎದ್ದಳು, ನನ್ನ ಬೆರಳಿಗೆ ಸೂಜಿ ನಾಟಿ ನಿಂತುಹೋಗಿದ್ದ ಕೊನೆಯ ಹೊಲಿಗೆಯನ್ನು ತನ್ನ ಚೀಲದ ಕೆಂಪು ದಾರದಲ್ಲಿ ತಾನೇ ಹಾಕಿ, ಗಂಟು ಬಿಗಿದು, ಹಲ್ಲಲ್ಲಿ ಕಡಿದು, ನಮ್ಮದು ಅಂತ ಒಂದು ಬರಲಿ, ಆಗ ಕೂರ್ತೀನಿ ಎಂದಳು, ಕಂದಿನ ಮೇಲೆ ಕೆಂಪು, ನಮ್ಮ ಕಸುಬಿನಲ್ಲಿ ತಲೆ ತಗ್ಗಿಸುವ ತಪ್ಪು, ಕತ್ತರಿ ಕೈಗೆತ್ತಿಕೊಂಡೆ, ಕತ್ತರಿಸಲಾಗಲಿಲ್ಲ, ಅಂದಿನಿಂದ ಕಾರೇ ಹತ್ತಲಿಲ್ಲ, ತನ್ನ ತಂಗಿಯ ಮದುವೆಗೆ ಕಾರು ಕಳಿಸಿದರೂ ಬಸ್ಸಿನಲ್ಲೇ ಹೋದವಳು, ಏನು ಹಟವೋ, ಇವತ್ತು ಕೂರುತ್ತಾಳೋ ಇಲ್ಲವೋ, ಮನೆ ಬಂತು, ಹಾರನ್ನು ಎರಡು ಸಲ, ಒದ್ದೆ ಕೈ ಒರೆಸುತ್ತ ಬಂದಳು, ಹೆಗಲ ಮೇಲೆ ಟವೆಲ್, ಯಾರ ಗಾಡಿ ರೀ, ಬಾಗಿಲಿಗೇ ತಂದು ನಿಲ್ಸಿದ್ದೀರಿ, ನಮ್ದು, ತಮಾಷೆ ಸಾಕು, ನಮ್ದೇ ಕಣೇ, ನಿಮ್ಮಪ್ಪಂದಲ್ಲ, ನಮ್ಮಪ್ಪಂದೂ ಅಲ್ಲ — ನಗಲಿಲ್ಲ, ಒಂದು ಸುತ್ತು ಬಂದಳು, ಬಾಗಿಲು ತೆಗೆದಳು, ಕೂತಳು, ತುದಿಯಲ್ಲಿ, ನೆಂಟರ ಮನೆಯಲ್ಲಿ ಕೂತ ಹಾಗೆ, ಆಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ತಲೆ ತಾಗುವ ಜಾಗಕ್ಕೆ ಹಾಸಿದಳು, ನನ್ನ ಆ ಮಾತು ಇಪ್ಪತ್ತೆರಡು ವರ್ಷ ಮಡಿಕೆ ಕೆಡದೆ ಕೂತಿತ್ತೇ ಅವಳೊಳಗೆ, ತೆಗಿಯೇ ಅದನ್ನ, ಮೆತ್ತಲಿ ಬಿಡು, ಒರಗು — ಅವಳ ಕೈ ಸೀಟಿನ ಕೆಳಗೆ ಇಳಿದಿದೆ, ತಡಕುತ್ತಿದೆ, ಮರೆತಿಲ್ಲ, ಜಾಗವೂ ಮರೆತಿಲ್ಲ, ನಿಂತಿತು, ಟವೆಲ್ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ, ತಲೆ ಒರಗಿದೆ, ಕಣ್ಣು ಮುಚ್ಚಿದೆ, ಕೈ ಇನ್ನೂ ಅಲ್ಲೇ, ಕಡಲೆಕಾಳಿನಷ್ಟು, ಒರಟು, ಕೆಂಪು, ಗಂಟು