ಸಂಗವ್ವನ ಬಾಯಿಗೆ ನೀರು

ಸಂಗವ್ವನ ತುಟಿಗೆ ಬಿಟ್ಟ ನೀರು ಸೀದಾ ಗದ್ದಕ್ಕೆ ಇಳಿಯಿತು. ತಂಗಿ ರುಕ್ಮವ್ವ ಸೆರಗಿನಿಂದ ಒರೆಸಿ, "ಮುಂದಿನವರು ಬರ್ರಿ," ಅಂದಳು. ಹಣೆತುಂಬ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಹೆಣಕ್ಕೆ ಮುಚ್ಚಂಡಿ ಊರಿನ ಜನ ಪಾಳಿ ಹಚ್ಚಿ ನೀರು ಬಿಡುತ್ತಿದ್ದರು. ಯಾರು ಬಿಟ್ಟರೂ ಒಂದು ಹನಿಯೂ ಒಳಗೆ ಹೋಗಲಿಲ್ಲ.

"ಇದ್ದಾಗ ನೀರು ನೀರು ಅಂತ ಬಾಯಿ ಬಿಡತಿದ್ಲು. ಈಗ ನೋಡ್ರಿ, ಒಲ್ಲೆ ಅಂತಾಳ," ಎಂದಳು ರುಕ್ಮವ್ವ.

ಸೊಸೆ ಉಮಾಶ್ರೀ ಕಂಬದ ಮರೆಗೆ ನಿಂತಿದ್ದಳು. ತನ್ನ ಪಾಳಿ ಬಾರದೆ ಹೋದರೆ ಸಾಕೆಂದು ದೇವರನ್ನು ಬೇಡುತ್ತಿದ್ದಳು.

*

ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬಿದ್ದ ಅತ್ತೆಗೆ, ಹೆಚ್ಚಾದರೆ ಜೀವಕ್ಕೇ ಕುತ್ತೆಂದು, ದಿನವೂ ನೀರು ಅಳೆದು ಕೊಡುವ ಪಾಪದ ಕೆಲಸ ಉಮಾಶ್ರೀಯದು. ಅದರ ಮೇಲೆ ಮುಟ್ಟು ನಿಂತ ಕಾಲದ ಉರಿ. ಎದೆಯಿಂದ ಕಾವು ಎದ್ದು ಮುಖಕ್ಕೇರಿದರೆ ಸಂಗವ್ವನ ಕುಪ್ಪಸ ತೊಯ್ದು ತೊಪ್ಪೆಯಾಗುತ್ತಿತ್ತು. "ಒಂದ ಗುಟುಕು ಕೊಡs ಉಮಾ," ಎಂದು ಅಂಗಲಾಚುವಳು. ಆ ಉರಿಯ ಗುಳಿಗೆ ಈ ಕಿಡ್ನಿಗೆ ಒಗ್ಗದೆಂದರು ದೊಡ್ಡ ಡಾಕ್ಟರು. ಅವರನ್ನು ಕೇಳಿಕೊಂಡೇ ಜತ್ತ ಪಟ್ಟಣದ ಪ್ರಾಜಕ್ತಾ ಡಾಕ್ಟರಬಾಯಿ, ಡಯಾಲಿಸಿಸ್ ಮಾಡುವ ಎಡಗೈ ಬಿಟ್ಟು, ಕಾಲಿಗೆ, ಬಲಗೈಗೆ ಅಕ್ಯುಪಂಕ್ಚರ್‌ನ ಕೂದಲೆಳೆಯಂಥ ಸೂಜಿ ಚುಚ್ಚತೊಡಗಿದಳು. ತಿಂಗಳೊಳಗೆ ಉರಿ ತಗ್ಗಿತು. ಸಂಗವ್ವ ಕಣ್ಣುತುಂಬ ನಿದ್ದೆ ಮಾಡಿದಳು, ನೀರು ಕೇಳುವುದನ್ನೇ ಮರೆತಳು.

ಆದರೆ ವಾರಕ್ಕೆರಡು ಸಲ ಡಯಾಲಿಸಿಸ್, ಒಂದು ಸಲ ಸೂಜಿ. ಬಸ್ಸಿನ ಓಡಾಟದಲ್ಲಿ ಉಮಾಶ್ರೀ ಹಣ್ಣಾಗಿದ್ದಳು. "ಡಾಕ್ಟರಬಾಯಿ ದವಾಖಾನಿ ಮುಚ್ಚಿ ಪುಣೆಕ್ಕ ಹೋದ್ರಂತರಿ," ಎಂದು ಒಂದು ದಿನ ಮನೆಯವರಿಗೆಲ್ಲ ಸುಳ್ಳು ಹೇಳಿಬಿಟ್ಟಳು.

ಉರಿ ಮರಳಿ ಬಂತು. ನಿನ್ನೆ ಎಲ್ಲರೂ ಹೊಲದಲ್ಲಿದ್ದಾಗ ಸಂಗವ್ವ ಬಚ್ಚಲಿನ ಹಂಡೆಗೇ ಬಾಯಿ ಹಚ್ಚಿ ಕುಡಿದಳು. ಸಂಜೆಯೊಳಗೆ ಉಸಿರು ಕಟ್ಟಿ ಹೋದಳು.

*

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದವಳು ಪ್ರಾಜಕ್ತಾ. ಸಂಗವ್ವನ ಮಗ ಶಿವಶರಣ ಬೆರಗಾಗಿ ಎದ್ದ.

"ಡಾಕ್ಟರಬಾಯಿ, ನೀವು ಪುಣೆಕ್ಕ ಹೋಗಿದ್ರಲ್ಲ?"

"ನಾ ಎಲ್ಲಿ ಹೋಗೇನ್ರಿ? ಇವರ ಹಾದಿ ಕಾಯ್ಕೋತ ಜತ್ತದಾಗs ಇದ್ದೆ."

ಶಿವಶರಣ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಉಮಾಶ್ರೀಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ರುಕ್ಮವ್ವ ತಂಬಿಗೆ, ಚಮಚ ಮುಂದೆ ಹಿಡಿದಳು. "ಬಾ ಉಮಾ, ನಿನ್ನ ಪಾಳಿ."

ಉಮಾಶ್ರೀ ಒಂದು ಚಮಚ ಬಿಟ್ಟಳು. ನೀರು ಗದ್ದಕ್ಕೆ ಇಳಿಯಲಿಲ್ಲ. ಒರೆಸಲು ಸೆರಗು ಚಾಚಿದ ರುಕ್ಮವ್ವ ಕಾದೇ ಕಾದಳು. ಉಮಾಶ್ರೀ ಇನ್ನೊಂದು ಚಮಚ ಬಿಟ್ಟಳು. ಅದೂ ಒಳಗೆ ಹೋಯಿತು. ಮತ್ತೊಂದು.

"ಸಾಕ್ರಿ ಅತ್ತಿ," ಎಂದು ರೂಢಿಯಂತೆ ಉಮಾಶ್ರೀಯ ಬಾಯಿಂದ ಬಂದುಬಿಟ್ಟಿತು. ಆದರೂ ಅವಳ ಕೈ ನಿಲ್ಲಲಿಲ್ಲ.

ತಂಬಿಗೆ ಬರಿದಾಯಿತು. ಸಂಗವ್ವನ ಹಣೆಯ ವಿಭೂತಿ ಬೆವರಿನಿಂದ ಒದ್ದೆಯಾಗತೊಡಗಿತ್ತು.